ನೇವರಿಸುತ್ತಿದ್ದ ಪದ ಹೊಡೆಯಲು ಕಲಿತ ಕಥೆ

ಸಿನಿಮಾ ‘ಹಿಟ್’ ಆಯಿತು ಎನ್ನುತ್ತೇವೆ. ಕನ್ನಡದ ಬಾಯಲ್ಲೂ ಇಷ್ಟು ಸಲೀಸಾಗಿ ಓಡಾಡುವ ಈ ಪದ ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದ್ದಲ್ಲ. ಒಂಬತ್ತನೆಯ ಶತಮಾನದಲ್ಲಿ ಆ ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಯೂರಿದ ವೈಕಿಂಗರ ನಾರ್ಸ್ ಭಾಷೆಯಿಂದ ಬಂದದ್ದು. ಅವರಿಗೆ ‘ಹಿಟ್ಟ’ ಎಂದರೆ ಎದುರಾಗು, ಕಂಡುಕೊಳ್ಳು. ಸ್ವೀಡನ್ನಿನಲ್ಲಿ ಇಂದಿಗೂ ಕಳೆದ ವಸ್ತು ಸಿಕ್ಕರೆ ಇದೇ ಪದ ಬಳಸುತ್ತಾರೆ. ಗುರಿಗೆ ತಾಗುವುದು, ತಾಗಿದರೆ ಪೆಟ್ಟು. ಅರ್ಥ ಹೀಗೆ ಸರಿಯುತ್ತ ಬಂತು.

ಅದಕ್ಕೂ ಮೊದಲು ಹೊಡೆಯುವ ಕೆಲಸಕ್ಕಿದ್ದ ಮುಖ್ಯ ಪದ ಇಂದಿನ ‘ಸ್ಲೇ’ಯ ಪೂರ್ವರೂಪ. ಅದು ಬರಬರುತ್ತ ಕೊಲ್ಲುವುದಕ್ಕಷ್ಟೇ ಮೀಸಲಾಯಿತು. ಅದರ ಜರ್ಮನ್ ದಾಯಾದಿ ‘ಷ್ಲಾಗೆನ್’ ಮಾತ್ರ ಹೊಡೆಯುವುದನ್ನು ಬಿಟ್ಟಿಲ್ಲ. ಕಲ್ಲೊಡೆಯುವ ದೊಡ್ಡ ಸುತ್ತಿಗೆ ‘ಸ್ಲೆಡ್ಜ್ ಹ್ಯಾಮರ್’ ಕೂಡ ಅದೇ ಬೇರಿನದು. ಕ್ರಿಕೆಟಿಗರು ಎದುರಾಳಿಯನ್ನು ಕೆಣಕುವ ‘ಸ್ಲೆಡ್ಜಿಂಗ್’ಗೆ ಹೆಸರು ಕೊಟ್ಟದ್ದು ಈ ಸುತ್ತಿಗೆಯೇ ಎನ್ನುತ್ತಾರೆ ಆಸ್ಟ್ರೇಲಿಯದ ಇಯಾನ್ ಚಾಪೆಲ್.

ಎಲ್ಲಕ್ಕಿಂತ ಸ್ವಾರಸ್ಯದ್ದು ‘ಸ್ಟ್ರೈಕ್’. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಹಗುರವಾಗಿ ಕೈಯಾಡಿಸು, ಸವರು. ಬೆಕ್ಕಿನ ಬೆನ್ನು ನೇವರಿಸುವುದಕ್ಕೆ ಇಂಗ್ಲಿಷರು ಬಳಸುವ ‘ಸ್ಟ್ರೋಕ್’ ಅದರ ಒಡಹುಟ್ಟು. ಸವರುವ ಕೈ ಬೀಸುವ ಕೈಯಾಗಲು ಕೆಲವು ಶತಮಾನಗಳೇ ಬೇಕಾದವು. ಹಳೆಯ ಬೈಬಲ್ ಅನುವಾದಗಳಲ್ಲಿ ದೇವರು ಶತ್ರುಗಳನ್ನು ಬಡಿಯುವ ‘ಸ್ಮೈಟ್’ ಪದವೂ ಹೀಗೆಯೇ; ಮೊದಲು ಅದು ಬಳಿ, ಹಚ್ಚು ಎಂಬ ಅರ್ಥದ್ದು. ಇಷ್ಟು ಒರಟು ಪದಗಳ ಬಾಲ್ಯ ಇಷ್ಟು ಮೆದುವಾಗಿತ್ತು ಎಂಬುದೇ ನಿಜವಾದ ಬೆರಗು.

ಮುಷ್ಕರದ ‘ಸ್ಟ್ರೈಕ್’ ಬಂದದ್ದು ಹಡಗುಕಟ್ಟೆಯಿಂದ. ಹಾಯಿ ಇಳಿಸುವುದಕ್ಕೂ ನಾವಿಕರು ಅದೇ ಪದ ಬಳಸುತ್ತಿದ್ದರು. 1768ರಲ್ಲಿ ಕೂಲಿಗಾಗಿ ಹೋರಾಟಕ್ಕಿಳಿದ ಲಂಡನ್ನಿನ ನಾವಿಕರು ಹಾಯಿಗಳನ್ನು ಇಳಿಸಿ ಹಡಗುಗಳನ್ನು ನಿಲ್ಲಿಸಿಬಿಟ್ಟರು.

ಲ್ಯಾಟಿನ್ನಿನಲ್ಲಿ ಬಡಿಯುವುದಕ್ಕೆ ‘ಬಟ್ಟುವೆರೆ’ ಎಂಬ ಪದವಿತ್ತು. ಅದರ ಸಂತತಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಇಳಿಯಿತು. ಯುದ್ಧದ ‘ಬ್ಯಾಟಲ್’ ಅದರದೇ, ಮಾತಿನ ಕಾಳಗ ‘ಡಿಬೇಟ್’ ಕೂಡ ಅದರದೇ.

‘ಬ್ಯಾಟರಿ’ಯ ದಾರಿ ಇನ್ನೂ ದೂರದ್ದು. ಹೊಡೆತ ಎಂಬ ಅರ್ಥದಿಂದ ಹೊರಟ ಪದ, ಕೋಟೆಗೋಡೆ ಬಡಿದುರುಳಿಸುವ ಫಿರಂಗಿಗಳ ಸಾಲಿಗೆ ಹೆಸರಾಯಿತು. ವಿದ್ಯುತ್ ಕೂಡಿಡುವ ಗಾಜಿನ ಫಲಕಗಳನ್ನು ಒಂದಕ್ಕೊಂದು ಜೋಡಿಸಿದ ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ಆ ಸಾಲನ್ನೂ ಬ್ಯಾಟರಿ ಎಂದು ಕರೆದರು. ಅಲ್ಲಿಂದ ಅದು ಟಾರ್ಚಿಗೆ, ಮೊಬೈಲಿಗೆ ಬಂತು. ಆದರೆ ಇಂಗ್ಲೆಂಡ್, ಅಮೆರಿಕಗಳ ಕಾನೂನಿನಲ್ಲಿ ‘ಬ್ಯಾಟರಿ’ ಎಂದರೆ ಇಂದಿಗೂ ಇನ್ನೊಬ್ಬರ ಮೈಮೇಲೆ ಕೈಮಾಡಿದ ಅಪರಾಧ.