ಇರುಳ ಬಾನಿನ ಛಾಯಾಚಿತ್ರಕ್ಕೆ ಮಸೂರದ ಆಯ್ಕೆ ಮತ್ತು ಪರೀಕ್ಷೆ

ಹಗಲಿನಲ್ಲಿ ಬೆಟ್ಟ ಬಯಲುಗಳ ಚಿತ್ರವನ್ನು ಅಂದವಾಗಿ ಮೂಡಿಸುವ ಮಸೂರವೆಲ್ಲವೂ ಇರುಳ ಬಾನಿಗೆ ಯೋಗ್ಯವೆಂದು ಭಾವಿಸುವುದು ಸರಿಯಲ್ಲ. ಹಗಲಿನ ದೃಶ್ಯದಲ್ಲಿ ಮರೆಯಾಗಿ ಉಳಿಯುವ ದೋಷವು ಕಪ್ಪು ಹಿನ್ನೆಲೆಯ ಮೇಲಿನ ಚುಕ್ಕೆಯಲ್ಲಿ ಎದ್ದು ಕಾಣುತ್ತದೆ. ಚಿನ್ನಕ್ಕೆ ಒರೆಗಲ್ಲು ಹೇಗೋ ಮಸೂರಕ್ಕೆ ನಕ್ಷತ್ರ ಹಾಗೆ. ಆದುದರಿಂದ ಬೆಲೆಬಾಳುವ ಈ ಉಪಕರಣವನ್ನು ಕೊಳ್ಳುವವರು ಆಯ್ಕೆಯ ತತ್ತ್ವವನ್ನೂ ಪರೀಕ್ಷೆಯ ಕ್ರಮವನ್ನೂ ಅರಿತಿರುವುದು ಅವಶ್ಯಕ.

ಭೂಮಿಯ ಆವರ್ತನದಿಂದಾಗಿ ಆಕಾಶವು ಗಂಟೆಗೆ ಸುಮಾರು 15 ಡಿಗ್ರಿಯಷ್ಟು ಸರಿದಂತೆ ತೋರುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಸ್ಥಿರವಾಗಿರಿಸಿ ಬಹುಕಾಲ ತೆರೆದಿಟ್ಟರೆ ಬಿಂದುವಾಗಬೇಕಾದ ತಾರೆ ಗೆರೆಯಾಗುತ್ತದೆ. 36×24 ಮಿಲಿಮೀಟರ್ ಸಂವೇದಕದ ಕ್ಯಾಮೆರಾಕ್ಕೆ ಒಂದು ಸ್ಥೂಲ ಲೆಕ್ಕವುಂಟು: 500ನ್ನು ಸಂಗಮದೂರದಿಂದ ಭಾಗಿಸಿದರೆ ಬರುವುದೇ ಸೆಕೆಂಡುಗಳ ಮಿತಿ. 50 ಮಿಲಿಮೀಟರ್ ಮಸೂರಕ್ಕೆ 10 ಸೆಕೆಂಡು. 20 ಮಿಲಿಮೀಟರಿಗೆ 25. ಇಂದಿನ ಸೂಕ್ಷ್ಮ ಸಂವೇದಕಗಳಿಗೆ ಇದಕ್ಕಿಂತಲೂ ಕಡಿಮೆ ಕಾಲವೇ ಲೇಸು. 14ರಿಂದ 24 ಮಿಲಿಮೀಟರಿನ ವೈಡ್ ಆಂಗಲ್ ಮಸೂರಗಳಿಗೆ ಮನ್ನಣೆ ದೊರೆತಿರುವುದು ಈ ಕಾರಣದಿಂದಲೇ.

ಕೋನದಷ್ಟೇ ಮುಖ್ಯವಾದುದು ದ್ಯುತಿರಂಧ್ರ. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಅದರ ವ್ಯಾಸ ದೊರೆಯುತ್ತದೆ. 14 ಮಿಲಿಮೀಟರ್, ಎಫ್ 2.8 ಮಸೂರದ ರಂಧ್ರ 5 ಮಿಲಿಮೀಟರ್; 24 ಮಿಲಿಮೀಟರ್, ಎಫ್ 1.4ರದು ಸುಮಾರು 17. ಒಂದೇ ಕಾಲಾವಧಿಯಲ್ಲಿ ಎರಡನೆಯದು ಒಂದು ತಾರೆಯಿಂದ ಸುಮಾರು 12 ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ; ಆದರೆ ಅದರ ನೋಟದ ಹರವು ಕಿರಿದು. ಹೀಗೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುವುದು.

ದೊಡ್ಡ ರಂಧ್ರದೊಡನೆ ದೋಷಗಳೂ ಹೆಚ್ಚುತ್ತವೆ. ಕೋಮಾ ಎಂಬ ದೋಷವಿದ್ದಲ್ಲಿ ಚಿತ್ರದ ಅಂಚಿನ ತಾರೆಗಳು ರೆಕ್ಕೆ ಬಿಚ್ಚಿದ ಹಕ್ಕಿಗಳಂತೆ ಕಾಣುತ್ತವೆ. 1977ರಲ್ಲಿ ನಿಕಾನ್ ಸಂಸ್ಥೆಯು ಹೊರತಂದ 58 ಮಿಲಿಮೀಟರಿನ ನಾಕ್ಟ್ ನಿಕ್ಕೋರ್ ಮಸೂರಕ್ಕೆ ಗೋಳೇತರ ಗಾಜನ್ನು ಅಳವಡಿಸಿದ್ದು ಈ ದೋಷವನ್ನು ತಗ್ಗಿಸಲೆಂದೇ.

ಪರೀಕ್ಷೆಯ ಕ್ರಮ ಹೀಗಿದೆ. ಚಂದ್ರನಿಲ್ಲದ ನಿರ್ಮಲ ರಾತ್ರಿಯಲ್ಲಿ ಕ್ಯಾಮೆರಾವನ್ನು ದೃಢವಾದ ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು. ಉಜ್ಜ್ವಲವಾದ ತಾರೆಯೊಂದನ್ನು ಪರದೆಯಲ್ಲಿ ಹಿಗ್ಗಿಸಿ, ಅದು ಅತ್ಯಂತ ಕಿರಿದಾಗುವವರೆಗೆ ಕೈಯಿಂದಲೇ ನಾಭೀಕರಿಸಬೇಕು. ಮೊದಲು ರಂಧ್ರವನ್ನು ಪೂರ್ತಿ ತೆರೆದು, ಬಳಿಕ ಒಂದೊಂದೇ ಹಂತ ಕಿರಿದುಗೊಳಿಸುತ್ತ ಚಿತ್ರಗಳನ್ನು ತೆಗೆಯಬೇಕು. ಪ್ರತಿಯೊಂದಕ್ಕೂ 5 ಸೆಕೆಂಡು ಸಾಕು. ಹೆಚ್ಚಾದರೆ ಬಾನಿನ ಚಲನೆಯೇ ಮಸೂರದ ದೋಷವೆಂಬ ಭ್ರಮೆ ಹುಟ್ಟಬಹುದು. ಅನಂತರ ನಾಲ್ಕು ಮೂಲೆಗಳನ್ನೂ ಪೂರ್ಣ ಗಾತ್ರದಲ್ಲಿ ಹೋಲಿಸಬೇಕು. ನಾಲ್ಕರಲ್ಲಿಯೂ ಸಮನಾಗಿ ರೆಕ್ಕೆ ಮೂಡಿದ್ದರೆ ಅದು ವಿನ್ಯಾಸದ ಸ್ವಭಾವ. ಒಂದೇ ಮೂಲೆ ಕೆಟ್ಟಿದ್ದರೆ ಆ ಪ್ರತಿಯ ಗಾಜುಗಳ ಜೋಡಣೆಯೇ ಓರೆಯಾಗಿರುವ ಸಂಭವವುಂಟು. ಅಂಥದನ್ನು ಹಿಂದಿರುಗಿಸುವ ಅವಧಿಯೊಳಗೇ ಬದಲಾಯಿಸಿಕೊಳ್ಳಬೇಕು. ಎಫ್ 1.4ರ ಮಸೂರವು 2.8ಕ್ಕೆ ಇಳಿಸಿದಾಗ ಮಾತ್ರ ಶುದ್ಧ ಬಿಂದುಗಳನ್ನು ಕೊಡುವುದಾದರೆ, ದೊಡ್ಡ ರಂಧ್ರಕ್ಕೆಂದು ತೆತ್ತ ಹೆಚ್ಚಿನ ಬೆಲೆಯ ಬಹುಭಾಗ ವ್ಯರ್ಥ.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಂತಹ ಕಗ್ಗತ್ತಲ ತಾಣಕ್ಕೆ ಎಷ್ಟೋ ಜನರು ಬಹುದೂರದಿಂದ ಹೋಗುತ್ತಾರೆ. ಅಲ್ಲಿ ದೊರೆಯುವುದು ಕೆಲವೇ ರಾತ್ರಿಗಳು. ಮಸೂರದ ಗುಣದೋಷಗಳನ್ನು ಮನೆಯಂಗಳದಲ್ಲಿಯೇ ಅರಿತುಕೊಂಡವರಿಗೆ ಆ ರಾತ್ರಿಗಳು ಸಾರ್ಥಕವಾಗುತ್ತವೆ.