ಹದ ಆಯ್ತಾ?

ಹೊನ್ನಾವರ, ಕುಮಟಾ ಕಡೆ ಮಳೆಗಾಲದ ಆರಂಭದಲ್ಲಿ ಗದ್ದೆ ನೋಡಿ ಬಂದವರಿಗೆ ಎದುರಾಗುವ ಪ್ರಶ್ನೆ ಒಂದೇ: ‘ಹದ ಆಯ್ತಾ?’ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ನೀರಿಗೆ ಬರವಿಲ್ಲ, ಹೊಳವಿಗೆ ಬರ.

ಬಿತ್ತುವ ಮಕ್ಕಿಗದ್ದೆಯ ಮಣ್ಣು ಒಂದು ಹಿಡಿ ಎತ್ತಿ ಅಮುಕಿದರೆ ಉಂಡೆ ಕಟ್ಟಬೇಕು, ಅಂಗೈಗೆ ಮೆತ್ತಬಾರದು, ಕೈಬಿಟ್ಟರೆ ಉದುರಬೇಕು. ಮೆತ್ತುವ ಮಣ್ಣನ್ನು ಉತ್ತರೆ ಹೆಂಟೆಯೆದ್ದು ಒಣಗಿ ಕಲ್ಲಾಗುತ್ತದೆ. ನಟ್ಟಿಗದ್ದೆಯ ಹದವೇ ಬೇರೆ: ಕೆಸರು ನುಣ್ಣಗಾಗಿ, ಊರಿದ ಅಗೆ ತೇಲದೆ ನಿಲ್ಲಬೇಕು. ಅಘನಾಶಿನಿ ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲೋ, ಮುಂಗಾರು ಮಣ್ಣಿನ ಉಪ್ಪನ್ನು ತೊಳೆದ ಮೇಲಷ್ಟೇ ಕಗ್ಗ ಭತ್ತಕ್ಕೆ ಹದ. ಒಂದೇ ತಾಲ್ಲೂಕಿನಲ್ಲಿ, ಒಂದೇ ಮಳೆಗೆ, ಮೂರು ಹದ!

ಪಾಲು ಹಾಲಾದಂತೆ ಹಳೆಯ ‘ಪದ’ ಹದವಾಯಿತು. ತಮಿಳಿನಲ್ಲಿ ಅದು ಇಂದಿಗೂ ಪದಂ, ತೆಲುಗಿನಲ್ಲಿ ಪದನು.

ಗದ್ದೆ ಬಿಟ್ಟರೆ ಈ ಮಾತಿನ ದೊಡ್ಡ ಶಾಲೆ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ಕೊಳೆ ನೊರೆಯಾಗಿ ಮೇಲೇಳುತ್ತದೆ, ತೆಗೆದಷ್ಟೂ ಏಳುತ್ತದೆ. ಆಮೇಲೆ ಗುಳ್ಳೆಗಳ ನಡೆ ಬದಲಾಗುತ್ತದೆ. ಮೊದಲು ಸಣ್ಣದಾಗಿ ಗಡಿಬಿಡಿಯಿಂದ ಒಡೆಯುತ್ತಿದ್ದವು ದಪ್ಪಗಾಗಿ, ನಿಧಾನವಾಗಿ, ಒಂದೊಂದೇ ‘ಬೊಳಕ್’ ಎನ್ನುತ್ತವೆ. ಸೌಟೆತ್ತಿದರೆ ಕೊನೆಯ ಹನಿ ಬೀಳಲು ಹಿಂದೆಮುಂದೆ ನೋಡುತ್ತದೆ. ಅಲ್ಲಿ ಇಳಿಸಿದರೆ ಜೋನಿಬೆಲ್ಲ. ಮತ್ತೂ ಕುದಿಸಿ, ತಣ್ಣೀರಿಗೆ ಬಿಟ್ಟ ಹನಿ ಗಟ್ಟಿ ಗುಳಿಗೆಯಾದರೆ ಅಚ್ಚುಬೆಲ್ಲ. ಥರ್ಮಾಮೀಟರಿನ ಲೆಕ್ಕದಲ್ಲಿ ಮೊದಲನೆಯದು ಸುಮಾರು 105 ಡಿಗ್ರಿ, ಎರಡನೆಯದು 118ರ ಆಸುಪಾಸು. ಆದರೆ ಕಬ್ಬು ಹೋದ ವರ್ಷದ್ದಲ್ಲ, ಹೊಲವೂ ಬೇರೆ. ಹಾಗಾಗಿ ಕೊಪ್ಪರಿಗೆಯ ಪಕ್ಕ ನಿಂತವರು ಇಂದಿಗೂ ಗುಳ್ಳೆಯನ್ನೇ ನಂಬುತ್ತಾರೆ. ನನಗಂತೂ ಅದೇ ಸರಿ ಎನಿಸುತ್ತದೆ.

ಕಾದ ಕತ್ತಿಯನ್ನು ನೀರಿಗದ್ದುವುದಕ್ಕೂ ಹದ, ತೊಗಲಿಗೂ ಹದ, ಉಪ್ಪಿನಕಾಯಿಯ ಉಪ್ಪಿಗೂ ಹದ. ಭಟ್ಕಳದಲ್ಲಿ ಮಲ್ಲಿಗೆ ಕೊಯ್ಯುವವರಿಗೆ ಮೊಗ್ಗು ತುಂಬಿರಬೇಕು, ಬಿರಿದಿರಬಾರದು. ಪತ್ರಿಕೆಗಳವರು ಮಾತ್ರ ಈ ಪದದ ಮುರುಕು ತುಂಡೊಂದನ್ನೇ ಇಟ್ಟುಕೊಂಡಿದ್ದಾರೆ: ರಸ್ತೆ ಹದಗೆಟ್ಟಿದೆ, ಆರೋಗ್ಯ ಹದಗೆಟ್ಟಿದೆ. ರಸ್ತೆ ಹದವಾಗಿದೆ ಎಂದು ಬರೆದವರನ್ನು ನಾನು ಕಂಡಿಲ್ಲ.

ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿಯ ಬದಿ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ತೂಗುಹಾಕಿರುತ್ತಾರೆ. ಎಲೆ ಪೂರಾ ಒಣಗಿದ್ದರೆ ಹೆಣೆಯುವಾಗ ಮುರಿಯುತ್ತದೆ, ಹಸಿ ಉಳಿದರೆ ಒಳಗೇ ಕೊಳೆಯುತ್ತದೆ. ಆ ಕಡೆ ಹೋದಾಗ ದರ ಕೇಳುವ ಮೊದಲು ಜಡೆಯ ಬುಡ ಮುಟ್ಟಿ ನೋಡಿ.