ಬಲವಾದ ಕುದುರೆಗೆ ಎಂಥ ಕಡಿವಾಣ?

ಎಳೆದರೂ ನಿಲ್ಲದ ಕುದುರೆಗೆ ಇನ್ನೂ ಕಠಿಣ ಕಡಿವಾಣ ಹಾಕಬೇಕೆಂಬುದು ಸಾಮಾನ್ಯ ನಂಬಿಕೆ. ಆದರೆ ಕಡಿವಾಣದ ಲೋಹದ ತುಂಡು ಕೂರುವುದು ಮುಂಬಲ್ಲು, ದವಡೆಹಲ್ಲುಗಳ ನಡುವಿನ ಖಾಲಿ ಜಾಗದಲ್ಲಿ. ನಾಲಿಗೆ ಮತ್ತು ಮೃದುವಾದ ಒಸಡಿನ ಮೇಲೆ. ‘ಸ್ನಾಫಲ್’ ಮಾದರಿಯಲ್ಲಿ ಲಗಾಮಿನ ಸೆಳೆತ ನೇರವಾಗಿ ಬಾಯಿಗೆ ತಲುಪುತ್ತದೆ. ಉದ್ದ ಕಡ್ಡಿಗಳಿರುವ ‘ಕರ್ಬ್’, ವಿದ್ಯಾರ್ಥಿಗಳು ಪಾಠದಲ್ಲಿ ಓದುವ ಸನ್ನೆಯಂತೆ ಆ ಸೆಳೆತವನ್ನು ಹೆಚ್ಚಿಸುತ್ತದೆ. ನೋವು ತಾಳದ ಕುದುರೆ ನಿಲ್ಲುವ ಬದಲು ಇನ್ನೂ ಜೋರಾಗಿ ಓಡೀತು. ಬೆನ್ನ ಮೇಲಿರುವ ಮಗುವಿಗೆ ಅದೇ ಅಪಾಯ.

ಆದ್ದರಿಂದ ಮೊದಲು ಪಶುವೈದ್ಯರಿಂದ ಹಲ್ಲಿನ ಪರೀಕ್ಷೆ. ನಂತರ ಬಾಯಿಯ ಅಗಲಕ್ಕೆ ಹೊಂದುವ, ತೀರ ತೆಳುವಲ್ಲದ ಸ್ನಾಫಲ್. ಉಳಿದದ್ದು ಸವಾರನ ಕೈ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಹೊಸಬರು ಮೊದಲು ಲಗಾಮು, ರಿಕಾಪು ಎರಡೂ ಇಲ್ಲದೆ ಕೂರಲು ಕಲಿಯುತ್ತಾರೆ. ಸಮತೋಲ ಸಿದ್ಧಿಸಿದ ಸವಾರ ಲಗಾಮಿಗೆ ಜೋತುಬೀಳುವುದಿಲ್ಲ. ಸವಾರಿ ತರಗತಿಗೆ ಮಕ್ಕಳನ್ನು ಸೇರಿಸುವ ಪಾಲಕರು ಮೊದಲು ವಿಚಾರಿಸಬೇಕಾದದ್ದು ಇದನ್ನೇ.